ಒಂಬತ್ತು ಮುಗಿಸಿ ಬಂದವಳಿಗೆ ಮತ್ತೆ ಒಂಬತ್ತನೇ ಕ್ಲಾಸಾ?

ಪ್ರಶ್ನೆ: ನಾವು ಮೈಸೂರಿನವರು. ಯಜಮಾನರ ಕೆಲಸದ ಮೇಲೆ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿದ್ದೇವೆ. ಮಗಳು ಅಲ್ಲಿ ಸಿಬಿಎಸ್‌ಇ ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ. ಕಳೆದ ಡಿಸೆಂಬರ್‌ಗೆ 14 ತುಂಬಿತು. ಇಲ್ಲಿನ ಹೈಸ್ಕೂಲಿನವರು ‘ಹತ್ತಕ್ಕೆ ಸೇರಿಸಿ, ಇಲ್ಲವೇ ಒಂಬತ್ತಕ್ಕೇ ಸೇರಿಸಿ, ಎರಡೂ ಆಗುತ್ತದೆ’ ಎಂದಿದ್ದಾರೆ. ಮತ್ತೆ ಒಂಬತ್ತು ಅಂದರೆ ಒಂದು ವರ್ಷ ದಂಡ ಅಂತ ಯಜಮಾನರ ವಾದ. ಕೈಗೆ ಒಂದು ಫಾರ್ಮ್ ಕೊಟ್ಟಿದ್ದಾರೆ, ಅದರ ತುಂಬಾ ಕೋರ್ಸ್‌ಗಳ ಹೆಸರು. ಯಾವುದು ಕಡ್ಡಾಯ, ಯಾವುದು ಇಷ್ಟ, ಒಂದೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರು ‘ಆರು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಆದರೂ ಮಾಡಿಸಿ, ಇಲ್ಲದಿದ್ದರೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮರೆತುಬಿಡಿ’ ಎನ್ನುತ್ತಾರೆ. ಮಗಳಿಗೆ ಚಿತ್ರ ಬಿಡಿಸುವುದು ಪ್ರಾಣ, ಆರ್ಕಿಟೆಕ್ಚರ್ ಓದುವ ಆಸೆ. ಕನ್ನಡ ಎರಡನೇ ಭಾಷೆಯಾಗಿ ಓದಿದ್ದಾಳೆ. ಮುಂದೆ ಇಂಡಿಯಾಗೆ ವಾಪಸ್ ಹೋಗಬೇಕಾಗಿ ಬಂದರೂ ತೊಂದರೆ ಆಗಬಾರದು. ಏನು ಮಾಡಲಿ?

ಉತ್ತರ:

ಮೊದಲು ವಯಸ್ಸಿನ ಲೆಕ್ಕ ಮುಗಿಸೋಣ. ಮನೆಯಲ್ಲಿ ಜಟಾಪಟಿ ನಡೆಯುತ್ತಿರುವುದು ಅದರ ಮೇಲೇ ತಾನೆ. ಕ್ಯಾಲಿಫೋರ್ನಿಯಾದಲ್ಲಿ ಸೆಪ್ಟೆಂಬರ್ 1ರೊಳಗೆ 5 ತುಂಬಿದ ಮಕ್ಕಳನ್ನು ಆ ವರ್ಷ ಕಿಂಡರ್‌ಗಾರ್ಟನ್‌ಗೆ ಸೇರಿಸುತ್ತಾರೆ. ಅದೇ ಲೆಕ್ಕದಲ್ಲಿ ಮುಂದೆ ಎಣಿಸಿದರೆ, ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಒಂಬತ್ತನೇ ಕ್ಲಾಸಿನ ಮೊದಲ ದಿನ 14 ವರ್ಷ 8 ತಿಂಗಳಿನದಾಗಿರುತ್ತದೆ. ಈ ಆಗಸ್ಟ್‌ಗೆ ನಿಮ್ಮ ಮಗಳಿಗೆ ಎಷ್ಟು? ಸರಿಯಾಗಿ ಅಷ್ಟೇ. ಅವಳು ಹಿಂದೆ ಬೀಳುತ್ತಿಲ್ಲ. ನಮ್ಮೂರಲ್ಲಿ ಐದೂವರೆಗೇ ಒಂದನೇ ಕ್ಲಾಸಿಗೆ ಕೂರಿಸಿದ್ದರಿಂದ ಒಂದು ವರ್ಷ ಮುಂದಿದ್ದಳು, ಅಷ್ಟೇ ವಿಷಯ. ಇಲ್ಲಿ ಒಂಬತ್ತಕ್ಕೆ ಸೇರಿದರೆ ಓರಗೆಯವರ ಜೊತೆ ಇರುತ್ತಾಳೆ. ಹತ್ತಕ್ಕೆ ಸೇರಿದರೆ ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಂಬತ್ತಕ್ಕೇ ಸೇರಿಸಿ. ಎಲ್ಲರಿಗೂ ಹೀಗೆ ಹೇಳುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ವಯಸ್ಸು, ಗಣಿತ, ಚಿತ್ರಕಲೆ ಮೂರೂ ಅದೇ ಕಡೆ ವಾಲುತ್ತವೆ.

ಇಲ್ಲಿನ ವ್ಯವಸ್ಥೆ ನಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಥರ ಅಲ್ಲ. ಕೊನೆಯಲ್ಲಿ ಒಂದು ದೊಡ್ಡ ಪರೀಕ್ಷೆ, ಅದರಲ್ಲಿ ಪಾಸಾದರೆ ಮುಗೀತು ಅನ್ನುವ ಹಾಗಿಲ್ಲ. ಮೊದಲು ಕ್ಯಾಲಿಫೋರ್ನಿಯಾದಲ್ಲೂ ಒಂದು ಎಕ್ಸಿಟ್ ಪರೀಕ್ಷೆ ಇತ್ತು. 2015ರಲ್ಲಿ ಅದನ್ನು ನಿಲ್ಲಿಸಿದರು, ಆಮೇಲೆ ರದ್ದೇ ಮಾಡಿದರು. ಈಗ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ, ಸಿಗುವುದು ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ ಒಂದೊಂದೇ ಕೋರ್ಸ್ ಪಾಸು ಮಾಡಿ ಕೂಡಿಸುವ ಕ್ರೆಡಿಟ್ ಮೇಲೆ. ಸಾಮಾನ್ಯವಾಗಿ ಒಂದು ಸೆಮಿಸ್ಟರ್ ಕೋರ್ಸಿಗೆ 5 ಕ್ರೆಡಿಟ್, ವರ್ಷಕ್ಕೆ 10. ಬಹಳಷ್ಟು ಡಿಸ್ಟ್ರಿಕ್ಟ್‌ಗಳು (ಆಯಾ ಊರಿನ ಶಾಲೆಗಳನ್ನು ನಡೆಸುವ ಮಂಡಳಿಗಳು) 220ರ ಆಸುಪಾಸು ಕೇಳುತ್ತವೆ. ಪಿಗ್ಮಿ ಕಟ್ಟಿದ ಹಾಗೆ ಅಂದುಕೊಳ್ಳಿ.

ಆದರೆ ಹೊಸದಾಗಿ ಬಂದ ಬಹಳ ಮನೆಗಳು ಎಡವುವುದು ಬೇರೆ ಕಡೆ. ಇಲ್ಲಿ ದಾಟಬೇಕಾದದ್ದು ಒಂದು ಗೆರೆ ಅಲ್ಲ, ಎರಡು. ಒಂದು ಹೈಸ್ಕೂಲ್ ಡಿಪ್ಲೊಮಾದ್ದು. ಇನ್ನೊಂದು ರಾಜ್ಯದ ವಿಶ್ವವಿದ್ಯಾಲಯಗಳದ್ದು, ಅಂದರೆ ಯುಸಿ ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ). ಶಾಲೆಯ ಹೊಣೆ ಮೊದಲ ಗೆರೆಯವರೆಗೆ. ಎರಡನೆಯದನ್ನು ದಾಟಿದಳೋ ಇಲ್ಲವೋ ಅಂತ ನೋಡುತ್ತಾ ಇರಬೇಕಾದವರು ನೀವು ಮತ್ತು ಅವಳು. ಕೋರ್ಸ್ ಆರಿಸಲು ಸಲಹೆ ಕೊಡುವ ಶಾಲೆಯ ಕೌನ್ಸೆಲರ್‌ಗಳು ಒಳ್ಳೆಯವರೇ. ಆದರೆ ಒಬ್ಬೊಬ್ಬರ ತಲೆ ಮೇಲೆ ನೂರಾರು ಮಕ್ಕಳು.

ಡಿಪ್ಲೊಮಾಕ್ಕೆ ರಾಜ್ಯ ಕೇಳುವುದು ನಿಜಕ್ಕೂ ಕಡಿಮೆ. ಇಂಗ್ಲಿಷ್ 3 ವರ್ಷ. ಗಣಿತ 2 ವರ್ಷ, ಅದರಲ್ಲಿ ಆಲ್ಜೀಬ್ರಾ 1 ಇರಲೇಬೇಕು. ವಿಜ್ಞಾನ 2 ವರ್ಷ, ಒಂದು ಜೀವವಿಜ್ಞಾನದ್ದು, ಒಂದು ಭೌತಿಕ ವಿಜ್ಞಾನದ್ದು. ಸಮಾಜ 3 ವರ್ಷ: ವರ್ಲ್ಡ್ ಹಿಸ್ಟರಿ, ಅಮೆರಿಕದ ಇತಿಹಾಸ, ಅರ್ಧ ವರ್ಷ ಗವರ್ನಮೆಂಟ್, ಅರ್ಧ ವರ್ಷ ಎಕನಾಮಿಕ್ಸ್. ಕಲೆ ಅಥವಾ ಬೇರೆ ಭಾಷೆ ಅಥವಾ ವೃತ್ತಿ ಕೋರ್ಸ್, ಇವುಗಳಲ್ಲಿ ಒಂದು ವರ್ಷ. ಪಿಇ, ಅಂದರೆ ದೈಹಿಕ ಶಿಕ್ಷಣ, 2 ವರ್ಷ. ಇದರ ಮೇಲೆ ಡಿಸ್ಟ್ರಿಕ್ಟ್ ತನ್ನದೂ ಸೇರಿಸುತ್ತದೆ. ಇಂಗ್ಲಿಷ್ ನಾಲ್ಕನೇ ವರ್ಷ, ಗಣಿತ ಮೂರನೇ ವರ್ಷ, ಹೆಲ್ತ್ ಅಂತ ಒಂದು ಸೆಮಿಸ್ಟರ್, ಹೀಗೆ. ನಿಮ್ಮ ಡಿಸ್ಟ್ರಿಕ್ಟಿನ ಪಟ್ಟಿ ಅದೇ ಫಾರ್ಮ್‌ನ ಹಿಂಬದಿಯಲ್ಲೋ ಕೋರ್ಸ್ ಕೈಪಿಡಿಯ ಮೊದಲ ಪುಟಗಳಲ್ಲೋ ಇರುತ್ತದೆ. ಅಂದಹಾಗೆ, ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ, 2030-31ರಲ್ಲಿ ಪದವಿ ಪಡೆಯುವ ಬ್ಯಾಚಿನಿಂದ ಪರ್ಸನಲ್ ಫೈನಾನ್ಸ್ ಅನ್ನುವ ಒಂದು ಸೆಮಿಸ್ಟರ್ ಕೋರ್ಸೂ ಕಡ್ಡಾಯ. ಒಳ್ಳೆಯದೇ ಬಿಡಿ, ನಮಗೆ ಯಾರೂ ಹೇಳಿಕೊಡಲಿಲ್ಲ.

ಎರಡನೇ ಗೆರೆಯ ಹೆಸರು ಎ-ಜಿ. ಏಳು ಅಕ್ಷರ, ಏಳು ವಿಷಯ, ಒಂದೊಂದು ವರ್ಷದ ಒಟ್ಟು 15 ಕೋರ್ಸ್‌ಗಳು. ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಇನ್ನೊಂದು ಇಷ್ಟದ ಕಾಲೇಜು ಮಟ್ಟದ ವಿಷಯ 1. ಗಣಿತ ನಾಲ್ಕು, ವಿಜ್ಞಾನ ಮೂರು, ಭಾಷೆ ಮೂರು ಆದರೆ ಇನ್ನೂ ಒಳ್ಳೆಯದು ಅಂತ ಯುಸಿಯೇ ಹೇಳುತ್ತದೆ. ಈ 15ರಲ್ಲಿ 11 ಕೋರ್ಸ್ ಹನ್ನೊಂದನೇ ಕ್ಲಾಸ್ ಮುಗಿಯುವುದರೊಳಗೆ ಆಗಿರಬೇಕು.

ಎರಡು ಗೆರೆಗಳ ನಡುವಿನ ವ್ಯತ್ಯಾಸ ನೋಡಿ. ಡಿಪ್ಲೊಮಾಕ್ಕೆ ಡಿ ಗ್ರೇಡ್ ಬಂದರೂ ಪಾಸು, ಕ್ರೆಡಿಟ್ ಸಿಗುತ್ತದೆ. ಎ-ಜಿಗೆ ಸಿ ಇಲ್ಲವೇ ಮೇಲೆ ಬರಬೇಕು, ಡಿ ಬಂದರೆ ಆ ಕೋರ್ಸ್ ಲೆಕ್ಕಕ್ಕೇ ಇಲ್ಲ. ಡಿಪ್ಲೊಮಾಕ್ಕೆ ಕಲೆಯೋ ಭಾಷೆಯೋ ಒಂದಿದ್ದರೆ ಸಾಕು. ಎ-ಜಿಗೆ ಎರಡೂ ಬೇಕು. ಪಿಇ ಡಿಪ್ಲೊಮಾಕ್ಕೆ ಕಡ್ಡಾಯ, ಎ-ಜಿಯಲ್ಲಿ ಅದರ ಸುದ್ದಿಯೇ ಇಲ್ಲ. ಇನ್ನೂ ಒಂದಿದೆ. ಶಾಲೆಯಲ್ಲಿ ಕಲಿಸುವ ಪ್ರತಿ ಕೋರ್ಸಿಗೂ ಯುಸಿಯ ಒಪ್ಪಿಗೆ ಇರುವುದಿಲ್ಲ. ಯುಸಿ ಪ್ರತಿ ಹೈಸ್ಕೂಲಿಗೂ ಒಪ್ಪಿದ ಕೋರ್ಸ್‌ಗಳ ಪಟ್ಟಿ ಇಟ್ಟಿದೆ. ಶಾಲೆಯ ಹೆಸರು ಹಾಕಿದರೆ ಅಂತರ್ಜಾಲದಲ್ಲೇ ಸಿಗುತ್ತದೆ. ಫಾರ್ಮ್ ತುಂಬುವ ಮೊದಲು ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮಗನ ಸಮಯದಲ್ಲಿ ನಾನೇ ಬಿದ್ದಿದ್ದೇನೆ. ಒಂಬತ್ತರಲ್ಲಿ ಒಂದು ಸೆಮಿಸ್ಟರ್ ಸೆರಾಮಿಕ್ಸ್ ಮಾಡಿದ, ಹತ್ತರಲ್ಲಿ ಒಂದು ಸೆಮಿಸ್ಟರ್ ಡ್ರಾಮಾ. ಎರಡೂ ಕಲೆಯೇ ಅಲ್ವಾ, ಅರ್ಧ ಅರ್ಧ ಸೇರಿ ಒಂದು ವರ್ಷ ಆಯ್ತು ಅಂತ ನೆಮ್ಮದಿಯಾಗಿದ್ದೆವು. ಶಾಲೆಯ ಹಾಳೆಯಲ್ಲೂ ‘ಕಲೆ: ಪೂರ್ಣ’ ಅಂತಲೇ ಇತ್ತು. ಡಿಪ್ಲೊಮಾದ ಮಟ್ಟಿಗೆ ಅದು ಸರಿ. ಆದರೆ ಯುಸಿ ಲೆಕ್ಕದಲ್ಲಿ ಆ ವರ್ಷ ಒಂದೇ ಪ್ರಕಾರದ ಕಲೆಯಲ್ಲಿ ಆಗಿರಬೇಕು. ಸೆರಾಮಿಕ್ಸ್ ದೃಶ್ಯಕಲೆ, ಡ್ರಾಮಾ ರಂಗಕಲೆ. ಇದು ಗೊತ್ತಾಗಿದ್ದು ಹನ್ನೊಂದನೇ ಕ್ಲಾಸಿನ ಏಪ್ರಿಲ್‌ನಲ್ಲಿ, ಅದೂ ಬೇರೆ ಮಗುವಿನ ತಾಯಿಯೊಬ್ಬರು ಮಾತಿಗೆ ಹೇಳಿದಾಗ. ಆ ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಆರ್ಟ್ ಹಿಸ್ಟರಿ ತಗೊಂಡು ಪಾರಾದ. ಬೇಸಿಗೆ ರಜೆಯ ಬೆಳಗ್ಗೆಯೆಲ್ಲ ಗ್ರೀಕ್ ಹೂದಾನಿಗಳ ಚಿತ್ರ ನೋಡುತ್ತಾ ಕೂತಿದ್ದ. ಅವನಿಗೆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಒಂಬತ್ತೋ ಹತ್ತೋ ಅನ್ನುವ ಪ್ರಶ್ನೆಗೆ ಬರೋಣ. ಒಂದು ಕಾಗದ ತಗೊಳ್ಳಿ. ನಿಮ್ಮ ಶಾಲೆಯಲ್ಲಿ ದಿನಕ್ಕೆ ಆರು ಪೀರಿಯಡ್, ಒಂದೊಂದರಲ್ಲಿ ವರ್ಷಕ್ಕೊಂದು ಕೋರ್ಸ್ ಅಂತ ಇಟ್ಟುಕೊಳ್ಳೋಣ. ಹತ್ತಕ್ಕೆ ಸೇರಿದರೆ ಉಳಿದಿರುವುದು ಮೂರು ವರ್ಷ, ಅಂದರೆ ಕಾಗದದ ಮೇಲೆ 18 ಮನೆ. ಇಂಗ್ಲಿಷ್ 3, ಗಣಿತ 3, ವಿಜ್ಞಾನ 3, ಸಮಾಜ 3. ಹನ್ನೆರಡು ಹೋಯಿತು. ಭಾಷೆ 2, ಪಿಇ 2, ಕಲೆ 1. ಹದಿನೇಳು. ಮಿಕ್ಕಿದ್ದು ಒಂದೇ ಒಂದು ಮನೆ. ಅದರಲ್ಲಿ ಹೆಲ್ತ್, ಎರಡನೇ ವರ್ಷದ ಡ್ರಾಯಿಂಗ್, ಕಂಪ್ಯೂಟರ್ ಎಲ್ಲ ಹಿಡಿಸಬೇಕು. ಯಾವುದಾದರೂ ಒಂದರಲ್ಲಿ ಡಿ ಬಂತು, ಮತ್ತೆ ಓದಬೇಕು ಅಂದರೆ ಜಾಗವೇ ಇಲ್ಲ.

ಒಂಬತ್ತಕ್ಕೆ ಸೇರಿದರೆ 24 ಮನೆ. ಇಂಗ್ಲಿಷ್ 4, ಗಣಿತ 4, ಉಳಿದದ್ದು ಅಷ್ಟೇ ಅಂದರೂ 19. ಐದು ಮನೆ ಖಾಲಿ. ಚಿತ್ರ ಬಿಡಿಸುವ ಹುಡುಗಿಗೆ ಆ ಐದು ಮನೆ ಅಂದರೆ ನಾಲ್ಕು ವರ್ಷವೂ ಆರ್ಟ್ ಕ್ಲಾಸ್.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಯುಸಿ ತನ್ನ ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕಕ್ಕೆ ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಎ-ಜಿ ಗ್ರೇಡ್‌ಗಳನ್ನಷ್ಟೇ ತಗೊಳ್ಳುತ್ತದೆ. ಒಂಬತ್ತರಲ್ಲಿ ಕೋರ್ಸ್ ಪಾಸಾಗಿರಬೇಕು, ಗ್ರೇಡ್ ಜಿಪಿಎಗೆ ಸೇರುವುದಿಲ್ಲ. ಹೊಸ ದೇಶ, ಹೊಸ ಉಚ್ಚಾರಣೆ, ಊಟದ ಬಿಡುವಿನಲ್ಲಿ ಯಾರ ಪಕ್ಕ ಕೂರಬೇಕು ಅನ್ನುವ ಸಂಕಟ. ಇಂಥ ವರ್ಷದ ಅಂಕ ಲೆಕ್ಕಕ್ಕೆ ಬರಬೇಕೋ ಬೇಡವೋ? ಹತ್ತಕ್ಕೆ ಸೇರಿದರೆ ಮೊದಲ ವಾರದ ಕ್ವಿಜ್‌ನಿಂದಲೇ ಲೆಕ್ಕ ಶುರು. ಯಜಮಾನರಿಗೆ ಈ ಒಂದು ಮಾತು ಹೇಳಿ ನೋಡಿ.

ಒಂಬತ್ತಕ್ಕೆ ಸೇರುವುದರಲ್ಲಿ ನಷ್ಟ ಇಲ್ಲವೇ ಇಲ್ಲ ಅಂತಲ್ಲ. ಶಾಲೆಯ ತಂಡದಲ್ಲಿ ಆಡುವ ಮಕ್ಕಳಿಗೆ ಮೊದಲ ಸಲ ಒಂಬತ್ತಕ್ಕೆ ಕಾಲಿಟ್ಟಾಗಿನಿಂದ ಸತತ ಎಂಟು ಸೆಮಿಸ್ಟರ್ ಮಾತ್ರ ಆಡಬಹುದು ಅನ್ನುವ ನಿಯಮ ಇದೆ. ಮಗಳು ಬಾಸ್ಕೆಟ್‌ಬಾಲ್ ಆಡುವವಳಾಗಿದ್ದರೆ ಇದನ್ನು ಮೊದಲೇ ಕೇಳಿ ಅನ್ನುತ್ತಿದ್ದೆ. ಹಾಗೆಯೇ ವಯಸ್ಸಿನಲ್ಲಿ ದೊಡ್ಡವರಾದ, ಗಣಿತದಲ್ಲಿ ಬಹಳ ಮುಂದಿರುವ ಮಕ್ಕಳಿಗೆ ಹತ್ತೇ ಸರಿ.

ಗಣಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಫಾರ್ಮ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದು. ಇಲ್ಲಿ ಗಣಿತ ಒಂದು ಸರಪಳಿ. ಆಲ್ಜೀಬ್ರಾ 1, ಜಾಮಿಟ್ರಿ, ಆಲ್ಜೀಬ್ರಾ 2, ಪ್ರಿ-ಕ್ಯಾಲ್ಕುಲಸ್, ಕ್ಯಾಲ್ಕುಲಸ್. ಒಂದು ಕೊಂಡಿ ಆಗದೆ ಮುಂದಿನದಕ್ಕೆ ಬಿಡುವುದಿಲ್ಲ. ಕೆಲವು ಶಾಲೆಗಳು ಇದನ್ನೇ ಬೆರೆಸಿ ಮ್ಯಾಥ್ 1, 2, 3 ಅಂತ ಕರೆಯುತ್ತವೆ. ಈ ಆಗಸ್ಟ್‌ನಲ್ಲಿ ಎಲ್ಲಿ ಕೂರಿಸುತ್ತಾರೋ ಅಲ್ಲಿಂದ ಹನ್ನೆರಡನೇ ಕ್ಲಾಸಿನ ತುದಿ ಎಲ್ಲಿ ಅನ್ನುವುದು ಬಹುಮಟ್ಟಿಗೆ ತೀರ್ಮಾನ ಆಗಿಬಿಡುತ್ತದೆ. ಹತ್ತಕ್ಕೆ ಸೇರಿ ಜಾಮಿಟ್ರಿಯಲ್ಲಿ ಕೂತರೆ ಪ್ರಿ-ಕ್ಯಾಲ್ಕುಲಸ್‌ಗೆ ನಿಲ್ಲುತ್ತಾಳೆ. ಒಂಬತ್ತಕ್ಕೆ ಸೇರಿ ಅದೇ ಜಾಮಿಟ್ರಿಯಲ್ಲಿ ಕೂತರೆ ಕ್ಯಾಲ್ಕುಲಸ್‌ವರೆಗೆ ಹೋಗುತ್ತಾಳೆ. ಆರ್ಕಿಟೆಕ್ಚರ್ ಅನ್ನುವವಳಿಗೆ ಕ್ಯಾಲ್ಕುಲಸ್ ಮತ್ತು ಫಿಸಿಕ್ಸ್ ಎರಡೂ ಇದ್ದರೆ ಒಳ್ಳೆಯದು.

ಆದರೆ ಸಿಬಿಎಸ್‌ಇ ಒಂಬತ್ತರ ಗಣಿತ ಇಲ್ಲಿನ ಯಾವ ಕೋರ್ಸಿಗೂ ನೇರವಾಗಿ ಹೊಂದುವುದಿಲ್ಲ. ತ್ರಿಭುಜ, ಚತುರ್ಭುಜ, ವೃತ್ತ ಎಲ್ಲ ಪ್ರಮೇಯ ಸಮೇತ ಓದಿದ್ದಾಳೆ, ಅದು ಇಲ್ಲಿನ ಜಾಮಿಟ್ರಿ. ಬಹುಪದೋಕ್ತಿ ಓದಿದ್ದಾಳೆ, ಅದು ಆಲ್ಜೀಬ್ರಾ. ಆದರೆ ವರ್ಗ ಸಮೀಕರಣದ ಸೂತ್ರ ಸಿಬಿಎಸ್‌ಇಯಲ್ಲಿ ಬರುವುದು ಹತ್ತರಲ್ಲಿ. ಇಲ್ಲಿ ಅದು ಆಲ್ಜೀಬ್ರಾ 1ರ ಎರಡನೇ ಅರ್ಧ. ಫಂಕ್ಷನ್ ಅನ್ನುವ ಪಾಠ ನಮ್ಮಲ್ಲಿ ಬರುವುದು ಹನ್ನೊಂದರಲ್ಲಿ. ಯಾವ ಕೋರ್ಸಿಗೆ ಕೂರಿಸಬೇಕು ಅಂತ ನೋಡುವ ಇಲ್ಲಿನ ಪ್ಲೇಸ್‌ಮೆಂಟ್ ಪರೀಕ್ಷೆಯ ಹಾಳೆ ತುಂಬಾ ‘ಎಫ್ ಆಫ್ ಎಕ್ಸ್’. ಲೆಕ್ಕ ಗೊತ್ತಿದ್ದೂ ಆ ಗುರುತು ನೋಡಿ ಕೈಬಿಟ್ಟು ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. ಎಫ್ ಆಫ್ 3 ಅಂದರೆ ಎಕ್ಸ್ ಇರುವ ಕಡೆ 3 ಹಾಕು ಅಂತ ಅಷ್ಟೇ ಅರ್ಥ, ಅದನ್ನು ಯಾರೂ ಹೇಳಿರಲಿಲ್ಲ. ಶಾಲೆ ಶುರುವಾಗುವುದಕ್ಕೆ ಇನ್ನೂ ವಾರಗಳಿವೆ. ವರ್ಗ ಸಮೀಕರಣ, ಫಂಕ್ಷನ್, ಗ್ರಾಫ್ ಎಳೆಯುವುದು, ಈ ಮೂರನ್ನು ಮಾಡಿಸಿ. ‘ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ’ ಅಂತ ನೀವೇ ಕೇಳಿ. ಕೇಳದಿದ್ದರೆ ಬರೀ ಕ್ಲಾಸಿನ ನಂಬರ್ ನೋಡಿ ಆಲ್ಜೀಬ್ರಾ 1ಕ್ಕೆ ಹಾಕಿಬಿಡಬಹುದು. ಹಾಗಂತ ಎರಡು ಕೊಂಡಿ ಹಾರಿಸಲು ಹೊರಡಬೇಡಿ. ಯುಸಿ ಲೆಕ್ಕದಲ್ಲಿ ಜಾಮಿಟ್ರಿ ಓದಿರಲೇಬೇಕು. ಮೇಲಿನ ಕೋರ್ಸ್ ಮಾಡಿದ್ದೇನೆ ಅನ್ನುವುದು ಅದರ ಬದಲಿಗೆ ನಡೆಯುವುದಿಲ್ಲ.

ವಿಜ್ಞಾನಕ್ಕೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರನ್ನೂ ಮಾಡಿಸಿ. ಕೆಲವು ಶಾಲೆಗಳಲ್ಲಿ ಬಯಾಲಜಿಗೆ ‘ಲಿವಿಂಗ್ ಅರ್ತ್’ ಅಂತ ಹೆಸರು, ಗಾಬರಿ ಬೇಡ. ಸಮಾಜದಲ್ಲಿ ಆಯ್ಕೆಯೇ ಕಡಿಮೆ, ಹತ್ತರಲ್ಲಿ ವರ್ಲ್ಡ್, ಹನ್ನೊಂದರಲ್ಲಿ ಅಮೆರಿಕ, ಹನ್ನೆರಡರಲ್ಲಿ ಉಳಿದೆರಡು. ಪಿಇಯನ್ನು ಒಂಬತ್ತು ಮತ್ತು ಹತ್ತರಲ್ಲಿ ಮುಗಿಸಿಬಿಡಿ.

ಇನ್ನು ನಮ್ಮ ಕನ್ನಡ. ಪ್ರಶ್ನೆಯಲ್ಲಿ ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ, ಆದರೆ ಅದರಲ್ಲಿ ಎರಡು ಮನೆ ಉಳಿಸುವ ದಾರಿ ಇರಬಹುದು. ಎ-ಜಿಯ ಭಾಷೆ ಅಂದ ತಕ್ಷಣ ಎಲ್ಲರೂ ಸ್ಪ್ಯಾನಿಷ್ ಬರೆಯುತ್ತಾರೆ. ಆದರೆ ನಿಯಮ ಹೇಳುವುದು ‘ಇಂಗ್ಲಿಷ್ ಅಲ್ಲದ ಭಾಷೆ’ ಅಂತ. ಆರನೇ ಕ್ಲಾಸಿನ ಮಟ್ಟ ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಬೇರೆ ಭಾಷೆಯ ಮಾಧ್ಯಮದಲ್ಲಿ ಓದಿ, ಸಿ ಮಟ್ಟದ ಅಂಕ ಬಂದಿದ್ದರೆ ಈ ವಿಷಯ ಪೂರ್ತಿ ಆದಂತೆ. ಅಂದರೆ ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸ್‌ವರೆಗೆ ಓದಿ ಬಂದ ಹುಡುಗನಿಗೆ ಆಗಲೇ ಇದು ಮುಗಿದಿರುತ್ತದೆ. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳು ಹಿಂದೆ, ಕನ್ನಡ ಮೀಡಿಯಮ್ಮಿನವರು ಮುಂದೆ! ಇಂಥ ದಿನ ಬರುತ್ತದೆ ಅಂತ ನಮ್ಮೂರಲ್ಲಿ ಯಾರು ನಂಬುತ್ತಾರೆ.

ನಿಮ್ಮ ಮಗಳದು ಇಂಗ್ಲಿಷ್ ಮಾಧ್ಯಮವಾದರೆ ಆ ದಾರಿ ಇಲ್ಲ. ಎಪಿ ಪರೀಕ್ಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಚೈನೀಸ್, ಜಪಾನೀಸ್ ಎಲ್ಲ ಇವೆ, ಕನ್ನಡ ಇಲ್ಲ. ಆದರೆ ಯುಸಿ ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಬೇರೆ ಯಾವ ಪರೀಕ್ಷೆಯೂ ಸಿಗದ ಭಾಷೆಯಾದರೆ, ಮಗುವಿಗೆ ಎರಡು ವರ್ಷ ಕಲಿತಷ್ಟು ಭಾಷೆ ಬರುತ್ತದೆ ಅಂತ ಹೈಸ್ಕೂಲಿನ ಪ್ರಿನ್ಸಿಪಾಲ್ ದೃಢೀಕರಿಸಬಹುದು. ಹಾಗೆ ಮಾಡುವಾಗ ಆ ಭಾಷೆ ಉಳಿಸಲು ಕೆಲಸ ಮಾಡುವ ಸಾಂಸ್ಕೃತಿಕ ಸಂಸ್ಥೆಗಳ ಸಲಹೆಯನ್ನೂ ತಗೊಳ್ಳಬಹುದು. ನಿಮ್ಮ ಕಡೆ ಕನ್ನಡ ಕೂಟ ಇದೆ, ವಾರಾಂತ್ಯದ ಕನ್ನಡ ಶಾಲೆಗಳಿವೆ. ಆರರಿಂದ ಒಂಬತ್ತರವರೆಗಿನ ಕನ್ನಡದ ಅಂಕ, ಪಠ್ಯದ ವಿವರ, ಕನ್ನಡ ಶಾಲೆಯ ಶಿಕ್ಷಕರ ಪತ್ರ, ಅವಳೇ ಕೈಯಲ್ಲಿ ಬರೆದ ಒಂದೆರಡು ಪುಟ, ಇಷ್ಟನ್ನು ಒಂದು ಫೈಲ್ ಮಾಡಿ. ಪ್ರಿನ್ಸಿಪಾಲ್ ಒಪ್ಪಲೇಬೇಕು ಅಂತ ಏನೂ ಇಲ್ಲ. ಅದಕ್ಕೇ ಇದನ್ನು ಒಂಬತ್ತರಲ್ಲೇ ಕೇಳಬೇಕು, ಹನ್ನೊಂದರಲ್ಲಲ್ಲ. ಇಲ್ಲ ಅಂದರೆ ಹತ್ತರಲ್ಲಿ ಸ್ಪ್ಯಾನಿಷ್ ಶುರು ಮಾಡಲು ಆಗಲೂ ಸಮಯ ಇರುತ್ತದೆ. ಇದಲ್ಲದೆ ಎರಡು ಭಾಷೆ ಚೆನ್ನಾಗಿ ಬಲ್ಲವರ ಡಿಪ್ಲೊಮಾ ಮೇಲೆ ‘ಸೀಲ್ ಆಫ್ ಬೈಲಿಟರಸಿ’ ಅಂತ ಒಂದು ಮುದ್ರೆ ಹಾಕುತ್ತಾರೆ. ಅಮೆರಿಕದಲ್ಲಿ ಇದನ್ನು ಕಾನೂನು ಮಾಡಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ, 2011ರಲ್ಲಿ.

ಕನ್ನಡದ ಮಾತು ಬಂದಾಗ ಇನ್ನೊಂದು. ಸೇರಿಸುವಾಗ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಅಂತ ಒಂದು ಹಾಳೆ ಕೊಡುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ. ‘ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲದಿದ್ದರೆ ಮಗುವನ್ನು ಇಂಗ್ಲಿಷ್ ಬಾರದವರ ಕ್ಲಾಸಿಗೆ ಹಾಕುತ್ತಾರೆ’ ಅಂತ ಯಾರಾದರೂ ಕಿವಿಯಲ್ಲಿ ಊದಿರುತ್ತಾರೆ. ಸುಳ್ಳು ಬರೆಯಬೇಡಿ. ಕನ್ನಡ ಅಂತ ಬರೆದರೆ 30 ದಿನದೊಳಗೆ ಎಲ್ಪಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಅಷ್ಟೇ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕೂ ಇರುತ್ತದೆ. ಇಂಗ್ಲಿಷ್ ಮೀಡಿಯಮ್ಮಿನ ಮಗುವಿಗೆ ಕಷ್ಟ ಇಲ್ಲ. ಆದರೆ ನಮ್ಮ ಮಕ್ಕಳು ಹೊಸಬರ ಮುಂದೆ ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುತ್ತಾರೆ. ಅಲ್ಲಿ ಹಾಗೆ ಮಾಡಿದರೆ ಅಂಕ ಹೋಗುತ್ತದೆ, ಇಂಗ್ಲಿಷ್ ಕಲಿಕೆಯ ಕ್ಲಾಸಿಗೆ ಒಂದು ಮನೆ ಹೋಗುತ್ತದೆ. ಪೂರ್ತಿ ವಾಕ್ಯದಲ್ಲಿ ಮಾತಾಡು ಅಂತ ಹೇಳಿ ಕಳಿಸಿ.

ಮಾರ್ಕ್ಸ್ ಕಾರ್ಡ್ ಬಗ್ಗೆಯೂ ಹುಷಾರು. ಇಲ್ಲಿ ಸಾಮಾನ್ಯವಾಗಿ 90ರ ಮೇಲೆ ಎ, 70ರ ಮೇಲೆ ಸಿ, 60ರ ಕೆಳಗೆ ಎಫ್. ನಮ್ಮಲ್ಲಿ 33 ಪಾಸು, 74 ಬಂದರೆ ಮನೆಯಲ್ಲಿ ಪಾಯಸ. ಸಿಬಿಎಸ್‌ಇಯ 74 ಅಂದರೆ ಬಿ1. ಅದನ್ನು ಇಲ್ಲಿನ ಅಳತೆಯಲ್ಲಿ ಹಾಗೇ ಇಟ್ಟರೆ ಸಿ ಆಗಿಬಿಡುತ್ತದೆ. 54 ಬಂದಿದ್ದರೆ ಎಫ್. ಹಾಗೆ ಆಗಿ, ತಿದ್ದಿಸಲು ಒಂದು ಸೆಮಿಸ್ಟರ್ ಓಡಾಡಿದ ಮನೆಯೊಂದು ನನಗೆ ಗೊತ್ತು. ಅದಕ್ಕೆ ಮೈಸೂರಿನ ಶಾಲೆಯಿಂದ ಗ್ರೇಡಿನ ಅಳತೆಯನ್ನು ಬರೆಸಿದ ಪತ್ರ ತರಿಸಿಕೊಳ್ಳಿ: ಎ1 ಅಂದರೆ 91ರಿಂದ 100, ಎ2 81ರಿಂದ 90, ಬಿ1 71ರಿಂದ 80, ಹೀಗೆ 33ರವರೆಗೆ. ಸಹಿ, ಸೀಲು ಇರಲಿ. ಒಂಬತ್ತಕ್ಕೇ ಮತ್ತೆ ಸೇರಿಸಿದರೂ ಈ ಕಾಗದ ಬೇಕು. ಅಲ್ಲಿನ ಒಂಬತ್ತನ್ನು ಮುಂದೆ ಎಲ್ಲೂ ಮುಚ್ಚಿಡಬೇಡಿ, ಅರ್ಜಿಯಲ್ಲಿ ಓದಿದ್ದನ್ನೆಲ್ಲ ಹೇಳಬೇಕಾಗುತ್ತದೆ.

ಪಕ್ಕದ ಮನೆಯ ಆರು ಎಪಿ ವಿಷಯ. ಯುಸಿ ಜಿಪಿಎ ಲೆಕ್ಕದಲ್ಲಿ ಎಪಿ ಅಥವಾ ಆನರ್ಸ್ (ಹೆಚ್ಚು ಕಠಿಣ ಮಟ್ಟದ) ಕೋರ್ಸಿಗೆ ಒಂದು ಹೆಚ್ಚುವರಿ ಅಂಕ ಸಿಗುತ್ತದೆ ನಿಜ. ಆದರೆ ಒಟ್ಟು ಎಂಟು ಸೆಮಿಸ್ಟರ್‌ಗೆ ಮಾತ್ರ, ಅಂದರೆ ಒಂದೊಂದು ವರ್ಷದ ನಾಲ್ಕು ಕೋರ್ಸ್‌ಗೆ. ಅದರಲ್ಲೂ ಹತ್ತನೇ ಕ್ಲಾಸಿನವು ನಾಲ್ಕು ಸೆಮಿಸ್ಟರ್ ಮೀರುವಂತಿಲ್ಲ. ಜಾಸ್ತಿ ಮಾಡಿದರೆ ಪ್ರಯೋಜನವೇ ಇಲ್ಲ ಅಂತಲ್ಲ. ಅರ್ಜಿ ಓದುವವರು ಕೋರ್ಸ್‌ಗಳ ಗಟ್ಟಿತನ ನೋಡುತ್ತಾರೆ, ಯುಸಿಗೆ ಈಗ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಬೇಡವಾದ ಮೇಲೆ ಅದನ್ನು ಇನ್ನೂ ನೋಡುತ್ತಾರೆ. ಆದರೆ ಆರ್ಟ್ ಕ್ಲಾಸ್ ಬಿಡಿಸಿ ಎಪಿ ಸೈಕಾಲಜಿಗೆ ಕೂರಿಸುವುದು ನಿಮ್ಮ ಮಗಳ ವಿಷಯದಲ್ಲಿ ದಡ್ಡತನ. ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಕೆಲವು ಪೋರ್ಟ್‌ಫೋಲಿಯೊ ಕೇಳುತ್ತವೆ. ಎಪಿಯಲ್ಲೇ ಡ್ರಾಯಿಂಗ್ ಅಂತ ಒಂದು ಕೋರ್ಸ್ ಇದೆ. ಅದಕ್ಕೆ ಕೂತು ಬರೆಯುವ ಪರೀಕ್ಷೆ ಇಲ್ಲ. ವರ್ಷವಿಡೀ ಮಾಡಿದ ಚಿತ್ರಗಳನ್ನು ಮೇ ತಿಂಗಳಲ್ಲಿ ಕಳಿಸಬೇಕು. ಒಂಬತ್ತು ಮತ್ತು ಹತ್ತರಲ್ಲಿ ಆರ್ಟ್ ಮಾಡಿ, ಹನ್ನೊಂದರಲ್ಲೋ ಹನ್ನೆರಡರಲ್ಲೋ ಎಪಿ ಡ್ರಾಯಿಂಗ್, ಅದರ ಜೊತೆ ಎಪಿ ಕ್ಯಾಲ್ಕುಲಸ್, ಎಪಿ ಫಿಸಿಕ್ಸ್. ಮೂರಾಯಿತು. ಒಂಬತ್ತರಲ್ಲಿ ಒಂದೂ ಬೇಡ. ಹತ್ತರಲ್ಲಿ ಅವಳಾಗಿಯೇ ಕೇಳಿದರೆ ಒಂದು.

ವಾಪಸ್ ಇಂಡಿಯಾ ಅನ್ನುವುದಾದರೆ ಹನ್ನೊಂದು ಹನ್ನೆರಡರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಕೈಬಿಡಬೇಡಿ. ಅಮೆರಿಕದ ಡಿಪ್ಲೊಮಾ ಪಿಯುಸಿಗೆ ಸಮ ಅಂತ ಪ್ರಮಾಣಪತ್ರ ತರಬೇಕು. ಅಲ್ಲಿ ಆರ್ಕಿಟೆಕ್ಚರ್‌ಗೆ ನಾಟಾ ಪ್ರವೇಶ ಪರೀಕ್ಷೆ ಅಥವಾ ಜೆಇಇಯ ಆರ್ಕಿಟೆಕ್ಚರ್ ಪತ್ರಿಕೆ ಬರೆಯಬೇಕು. ಹನ್ನೆರಡನೇ ಕ್ಲಾಸಿನಲ್ಲಿ ‘ಹೇಗೂ ಫಿಸಿಕ್ಸ್ ಕಡ್ಡಾಯ ಅಲ್ಲ’ ಅಂತ ಬಿಟ್ಟ ಮಕ್ಕಳು ಆಗ ಸಿಕ್ಕಿಬೀಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಎಲ್ಲೋ ಒಂದು ಕಡೆ ಎಡವಿದರೆ? ನಿಮ್ಮ ಊರಲ್ಲೇ ಓಲೋನಿ ಕಾಲೇಜ್ ಇದೆ. ಹೈಸ್ಕೂಲಿನಲ್ಲಿ ಇರುವಾಗಲೇ ಅಂಥ ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸ್ ತಗೊಳ್ಳಬಹುದು. ಅಲ್ಲಿನ ಒಂದು ಸೆಮಿಸ್ಟರ್‌ನ 3 ಯೂನಿಟ್ ಕೋರ್ಸನ್ನು ಯುಸಿ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ ಅಂತ ತಗೊಳ್ಳುತ್ತದೆ. ಡಿಪ್ಲೊಮಾ ಆದ ಮೇಲೆ ಅಲ್ಲಿ ಎರಡು ವರ್ಷ ಓದಿ ಯುಸಿಗೆ ವರ್ಗಾವಣೆ ಆಗುವ ದಾರಿಯೂ ಇದೆ. ಆರು ಯುಸಿ ಕ್ಯಾಂಪಸ್‌ಗಳು ನಿಗದಿ ಮಾಡಿದ ಅಂಕ ಬಂದರೆ ಸೀಟು ಖಾತ್ರಿ ಅಂತ ಬರೆದು ಕೊಡುತ್ತವೆ. ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಆ ಆರರಲ್ಲಿಲ್ಲ.

ಫಾರ್ಮ್‌ಗೆ ಬರೋಣ. ಒಂಬತ್ತಕ್ಕೆ ಹೀಗೆ ತುಂಬಿ: ಇಂಗ್ಲಿಷ್ 9, ಪರೀಕ್ಷೆಯ ಮೇಲೆ ಜಾಮಿಟ್ರಿ, ಬಯಾಲಜಿ, ಪಿಇ, ಆರ್ಟ್ 1 ಪೂರ್ತಿ ವರ್ಷ. ಆರನೇ ಮನೆಗೆ ಡಿಸ್ಟ್ರಿಕ್ಟ್ ಒಂಬತ್ತರಲ್ಲೇ ಕೇಳುವ ಹೆಲ್ತ್ ಥರದ್ದು ಏನಾದರೂ ಇದ್ದರೆ ಅದು, ಇಲ್ಲವಾದರೆ ಕಂಪ್ಯೂಟರ್. ಕನ್ನಡದ ಉತ್ತರ ಬರುವವರೆಗೆ ಸ್ಪ್ಯಾನಿಷ್ ಬೇಡ. ಕೌನ್ಸೆಲರ್ ಹತ್ತಿರ ಹೋಗುವಾಗ ನಾಲ್ಕು ವರ್ಷದ 24 ಮನೆ ಗೀಚಿದ ಕಾಗದ ಜೊತೆಗಿರಲಿ, ಪೆನ್ಸಿಲ್‌ನಲ್ಲಿ. ಮಗಳನ್ನೂ ಕರೆದುಕೊಂಡು ಹೋಗಿ. ಇಲ್ಲಿ ಕೌನ್ಸೆಲರ್ ಅಪ್ಪ ಅಮ್ಮನನ್ನು ಬಿಟ್ಟು ಮಗುವಿನ ಮುಖ ನೋಡಿ ‘ನಿನಗೇನು ಇಷ್ಟ’ ಅಂತ ಕೇಳುತ್ತಾರೆ. ಆಗ ನೀವಿಬ್ಬರೂ ಅವಳ ಬದಲು ಉತ್ತರ ಕೊಡಬೇಡಿ.